ಕದ್ದು ಹತ್ತಿದವನಿಗೆ ಏನನ್ನಬೇಕು?

ಪ್ರಶ್ನೆ: ಮಕ್ಕಳಿಗಾಗಿ ಒಂದು ಸಮುದ್ರಯಾನದ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಹುಡುಗನೊಬ್ಬ ಹಡಗಿನೊಳಗೆ ಅವಿತು ಕೂತು ಊರು ಬಿಡುತ್ತಾನೆ. ಇಂಗ್ಲಿಷಿನಲ್ಲಿ ಅವನಿಗೆ ‘ಸ್ಟೋವೇ’ ಅಂತ ಒಂದೇ ಪದ. ನನಗೆ ಸಿಕ್ಕ ನಿಘಂಟಿನಲ್ಲಿ ‘ಕಳ್ಳ ಪ್ರಯಾಣಿಕ’ ಅಂತಿದೆ. ಆಫೀಸಿನ ಗೆಳೆಯ ‘ವಿತೌಟ್ ಗಿರಾಕಿ ಅಂತ ಹಾಕು, ಮಕ್ಕಳಿಗೆ ಅರ್ಥವಾಗುತ್ತೆ’ ಅನ್ನುತ್ತಾನೆ. ಅಮ್ಮ ‘ಬಿಟ್ಟಿ ಪ್ರಯಾಣ ಅಂದರೆ ಸಾಕಲ್ಲ’ ಅಂದರು. ಪಕ್ಕದಲ್ಲೇ ಕೂತಿದ್ದ ಅತ್ತೆಗೆ ಸಿಟ್ಟು ಬಂತು, ಅವರು ದಿನಾ ಫ್ರೀ ಬಸ್ಸಿನಲ್ಲಿ ಓಡಾಡುವವರು. ಯಾವುದು ಸರಿ? ಸಿಕ್ಕಿಬಿದ್ದಾಗ ಕ್ಯಾಪ್ಟನ್ ಏನಂತ ಕೂಗಬೇಕು, ದಿನಚರಿ ಪುಸ್ತಕದಲ್ಲಿ ಏನಂತ ಬರೆಯಬೇಕು?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರ ಸಿಟ್ಟು ನ್ಯಾಯವಾದದ್ದು. ಗೆಳೆಯರ ಸಲಹೆ ಹಡಗಿಗೆ ಹೊಂದುವುದಿಲ್ಲ. ನಿಘಂಟು ಹೇಳಿದ್ದು ತಪ್ಪಲ್ಲ, ಆದರೆ ಆ ಪದವನ್ನು ನಿಮ್ಮ ಹುಡುಗನ ಮೇಲೆ ಹೊರಿಸಲು ನಾನು ಒಪ್ಪುವುದಿಲ್ಲ. ನಿಮ್ಮ ಮನೆಯಲ್ಲಿ ಓಡಾಡಿದ ಮೂರು ಮಾತುಗಳೂ ಮೂರು ಬೇರೆ ಸಂಗತಿಗಳನ್ನು ಹೇಳುತ್ತವೆ. ‘ಬಿಟ್ಟಿ’ ಅನ್ನುವುದು ದುಡ್ಡಿನ ಮಾತು. ‘ವಿತೌಟ್’ ಚೀಟಿಯ ಮಾತು. ‘ಕಳ್ಳ’ ಅನ್ನುವುದು ಕಣ್ಣಿಗೆ ಬೀಳದೆ ಇರುವ ಮಾತು, ಬೈಗುಳವೂ ಹೌದು. ದುಡ್ಡು ಕೊಡದವನ ಹತ್ತಿರ ಚೀಟಿ ಇರಬಹುದು. ಚೀಟಿ ಇಲ್ಲದವನು ದುಡ್ಡು ಕೊಟ್ಟಿರಬಹುದು. ಎರಡೂ ಇಲ್ಲದವನು ಎಲ್ಲರ ಕಣ್ಣೆದುರೇ ಕಿಟಕಿ ಸೀಟಿನಲ್ಲಿ ಕೂತಿರಬಹುದು. ಹಡಗು ಹತ್ತುವ ಮುಂಚೆ ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬರೋಣ.

ಸಂಜೆ ಆರೂವರೆಗೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಅಂದುಕೊಳ್ಳಿ. ಕಾಲಿಡಲು ಜಾಗವಿಲ್ಲ. ಫುಟ್‌ಬೋರ್ಡಿನ ಮೇಲೆ ನಾಲ್ಕು ಜನ. ಕಂಡಕ್ಟರು ಮುಂದಿನಿಂದ ಟಿಕೆಟ್ ಕೊಡುತ್ತಾ ಹಿಂದಕ್ಕೆ ಬರುವಷ್ಟರಲ್ಲಿ ಎರಡು ಸ್ಟೇಜು ದಾಟಿರುತ್ತದೆ, ಹಿಂಬಾಗಿಲಿನವನು ಇಳಿದು ಹೋಗಿರುತ್ತಾನೆ. ಅವನು ಎಲ್ಲೂ ಅಡಗಲಿಲ್ಲ. ಗುಂಪೇ ಅವನಿಗೆ ಮರೆಯಾಯಿತು. ಇದಕ್ಕೆ ಬೆಂಗಳೂರಿನ ಬಾಯಲ್ಲಿರುವ ಮಾತು ‘ಯಾಮಾರಿಸೋದು’: ‘ಕಂಡಕ್ಟರನ್ನ ಯಾಮಾರಿಸ್ಬಿಟ್ಟ’. ತಮಿಳಿನ ನಂಟಿನಿಂದ ನಮ್ಮ ಕಡೆ ಬೇರೂರಿದ ಪದ. ಸ್ವಲ್ಪ ಹಳಬರು ‘ಟೋಪಿ ಹಾಕಿದ’ ಅನ್ನುತ್ತಾರೆ, ಪತ್ರಿಕೆಯವರಾದರೆ ‘ಚಳ್ಳೆಹಣ್ಣು ತಿನ್ನಿಸಿದ’. ಮೂರರಲ್ಲೂ ಪೇಚಿಗೆ ಸಿಕ್ಕಿದವನು ಕಂಡಕ್ಟರು. ಹಣ ಕಳೆದುಕೊಂಡ ನಿಗಮದ ಸುದ್ದಿಯೇ ಇಲ್ಲ. ನಮ್ಮ ಭಾಷೆ ಇದನ್ನು ಕಳ್ಳತನವಾಗಿ ಕಾಣುವುದಕ್ಕಿಂತ ಇಬ್ಬರ ನಡುವಿನ ಚಾಲಾಕಿತನದ ಪಂದ್ಯವಾಗಿ ಕಂಡಿದೆ.

ಅದೇ ಬಸ್ಸಿನಲ್ಲಿ ಇನ್ನೊಬ್ಬನಿದ್ದಾನೆ. ಇಪ್ಪತ್ತು ರೂಪಾಯಿಯ ದಾರಿಗೆ ಹತ್ತು ಕೊಟ್ಟು, ‘ಟಿಕೆಟ್ ಬೇಡ ಬಿಡಿ’ ಅಂದವನು. ಹತ್ತು ರೂಪಾಯಿ ಕಂಡಕ್ಟರ ಜೇಬಿಗೆ ಹೋಯಿತು, ಹತ್ತು ಇವನ ಜೇಬಿನಲ್ಲೇ ಉಳಿಯಿತು. ಇವನು ದುಡ್ಡು ಕೊಟ್ಟಿದ್ದಾನೆ, ಹಾಗಾಗಿ ಬಿಟ್ಟಿ ಅಲ್ಲ. ಚೀಟಿ ಇಲ್ಲ, ಹಾಗಾಗಿ ವಿತೌಟ್. ಚೆಕಿಂಗ್‌ನವರು ಹತ್ತಿದರೆ ಅವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ದುಡ್ಡೂ ತಗೊಂಡಿಲ್ಲ ಟಿಕೆಟ್ಟೂ ಕೊಟ್ಟಿಲ್ಲ ಅನ್ನುವುದು ಕಂಡಕ್ಟರ ಮೇಲೆ ಒಂದು ಬಗೆಯ ಆರೋಪ. ದುಡ್ಡು ತಗೊಂಡು ಟಿಕೆಟ್ ಕೊಟ್ಟಿಲ್ಲ ಅನ್ನುವುದು ಅದಕ್ಕಿಂತ ಭಾರವಾದ ಆರೋಪ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಮು ಕೂಡ ಇಬ್ಬರನ್ನೂ ಒಟ್ಟಿಗೇ ಹಿಡಿಯುತ್ತದೆ. ಟಿಕೆಟ್ ಇಲ್ಲದೆ ಹೋದ ಪ್ರಯಾಣಿಕನಿಗೆ 500 ರೂಪಾಯಿವರೆಗೆ ದಂಡ. ಟಿಕೆಟ್ ಕೊಡದ ಕಂಡಕ್ಟರನೂ ಅದೇ ಕಲಮಿನೊಳಗೆ ಬರುತ್ತಾನೆ.

ಮೂರನೆಯವರು ನಿಮ್ಮ ಅತ್ತೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡು ಕೊಡಬೇಕಾಗಿಲ್ಲ, ಆದರೆ ಟಿಕೆಟ್ ತಗೊಳ್ಳಲೇಬೇಕು. ಕಂಡಕ್ಟರು ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಅಂದರೆ ಅತ್ತೆಯವರ ಪ್ರಯಾಣಕ್ಕೆ ದುಡ್ಡು ಕಟ್ಟುವವರು ಇದ್ದಾರೆ, ಕೈಯಲ್ಲಿ ಚೀಟಿಯೂ ಇದೆ. ಅವರನ್ನು ‘ಬಿಟ್ಟಿ’ ಅನ್ನುವುದು ಲೆಕ್ಕದಲ್ಲೂ ತಪ್ಪು, ಮರ್ಯಾದೆಯಲ್ಲೂ ತಪ್ಪು. ‘ಉಚಿತ’ ಅನ್ನಿ. ‘ಫ್ರೀ’ ಅಂದರೂ ಬೇಜಾರಿಲ್ಲ, ಅವರೇ ಹಾಗನ್ನುತ್ತಾರೆ.

‘ಬಿಟ್ಟಿ’ಯ ಹುಟ್ಟು ಗೊತ್ತಾದರೆ ಅದು ಯಾಕೆ ಚುಚ್ಚುತ್ತದೆ ಅನ್ನುವುದೂ ತಿಳಿಯುತ್ತದೆ. ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ವಿಷ್ಟಿ ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕಡ್ಡಾಯದ ದುಡಿಮೆ. ‘ಬಿಟ್ಟಿ ಬೇಗಾರಿ’ ಅಂತ ಜೋಡಿಯಾಗಿ ಬರುವುದು ಇದೇ. ಅಂದಿನ ಬಿಟ್ಟಿಯವನು ಕೊಡುವವನು: ಅವನ ಬೆವರು ಹೋಗುತ್ತಿತ್ತು, ಕೈಗೆ ಏನೂ ಬರುತ್ತಿರಲಿಲ್ಲ. ಇಂದಿನ ಬಿಟ್ಟಿಯವನು ತಗೊಳ್ಳುವವನು. ‘ಬಿಟ್ಟಿ ಚಾಕರಿ’ಯಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ, ‘ಬಿಟ್ಟಿ ಊಟ’ದಲ್ಲಿ ಅದು ತಲೆಕೆಳಗಾಗಿದೆ. ಕೀಳರಿಮೆಯ ನೆರಳು ಮಾತ್ರ ಎರಡರಲ್ಲೂ ಉಳಿದಿದೆ. ‘ಪುಕ್ಕಟೆ’ಗೆ ಅಷ್ಟು ಕಹಿ ಇಲ್ಲ. ‘ಪುಗಸಟ್ಟೆ’ಯಲ್ಲಿ ಗೇಲಿ ಜಾಸ್ತಿ. ಮಂಗಳೂರು ಕಡೆ ‘ಧರ್ಮಕ್ಕೆ ಸಿಕ್ಕಿತು’ ಅನ್ನುತ್ತಾರೆ, ಅದರಲ್ಲಿ ಕೊಟ್ಟವರ ಔದಾರ್ಯವೂ ಕಾಣುತ್ತದೆ. ಬೆಂಗಳೂರಿನ ‘ಓಸಿ’ಗೆ ಜನ ಒಂದು ಕಥೆ ಹೇಳುತ್ತಾರೆ: ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಕಾಗದಗಳ ಮೇಲೆ ‘ಕಂಪನಿ ಸೇವೆಯಲ್ಲಿ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಓ, ಸಿ, ಎಸ್ ಅಕ್ಷರಗಳು ಇರುತ್ತಿದ್ದವಂತೆ, ಅವಕ್ಕೆ ಅಂಚೆ ದುಡ್ಡು ಇರುತ್ತಿರಲಿಲ್ಲವಂತೆ, ಹಾಗಾಗಿ ಪುಕ್ಕಟೆಯದೆಲ್ಲ ಓಸಿ ಆಯಿತಂತೆ. ಕಥೆ ಚೆನ್ನಾಗಿದೆ. ಆದರೆ ಈ ಐದೂ ಪದಗಳಲ್ಲಿ ಅಡಗುವ ಸುಳಿವೇ ಇಲ್ಲ. ನಿಮ್ಮ ಹುಡುಗನಿಗೆ ಯಾವುದೂ ಒದಗುವುದಿಲ್ಲ.

ಹಾಗಂತ ಹಣ ತಪ್ಪಿಸಿಕೊಂಡು ದಾರಿ ಸಾಗುವುದು ಬಸ್ಸಿನೊಂದಿಗೆ ಬಂದ ವಿದ್ಯೆಯೂ ಅಲ್ಲ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಇದೆಯಲ್ಲ, ಅಂಥ ಕಟ್ಟೆಗಳು ಪ್ರತಿ ಪೇಟೆಯ ಬಾಯಲ್ಲೂ ಇರುತ್ತಿದ್ದವು. ಸುಂಕ ತಪ್ಪಿಸಲು ವ್ಯಾಪಾರಿಯೊಬ್ಬ ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದು, ದಿಕ್ಕು ತಪ್ಪಿ, ಬೆಳಕು ಹರಿಯುವ ಹೊತ್ತಿಗೆ ಸುಂಕದ ಕಟ್ಟೆಯ ಎದುರಿಗೇ ಬಂದು ನಿಂತನಂತೆ. ಇದನ್ನು ಸಂಸ್ಕೃತದ ಪಂಡಿತರು ‘ಘಟ್ಟಕುಟೀಪ್ರಭಾತ ನ್ಯಾಯ’ ಅಂತ ಹೆಸರಿಟ್ಟು ತರ್ಕದ ಚರ್ಚೆಯಲ್ಲಿ ಬಳಸಿದರು: ತಪ್ಪಿಸಿಕೊಳ್ಳಲು ಹೊರಟ ವಾದಿ ಸುತ್ತಿ ಬಳಸಿ ಎದುರಾಳಿಯ ಮಾತಿಗೇ ಬಂದು ಬಿದ್ದಾಗ. ಮೆಟ್ರೋದ ಸ್ವಯಂಚಾಲಿತ ಗೇಟಿನ ಮುಂದೆ ಒಬ್ಬರ ಬೆನ್ನಿಗಂಟಿ ಇನ್ನೊಬ್ಬರು ದಾಟಲು ನೋಡುವುದನ್ನು ಕಂಡಾಗಲೆಲ್ಲ ನನಗೆ ಈ ವ್ಯಾಪಾರಿಯ ನೆನಪು. ಒಳಗೆ ಹೋದರೂ, ಇಳಿಯುವಲ್ಲಿ ಇನ್ನೊಂದು ಗೇಟು ಕಾದಿರುತ್ತದೆ.

ಈಗ ನಿಮ್ಮ ಗೆಳೆಯರ ‘ವಿತೌಟ್’. ಇದು ರೈಲಿನ ಕೂಸು. ‘ಟಿಕೆಟ್ ಇಲ್ಲದೆ’ ಅನ್ನುವ ಇಂಗ್ಲಿಷ್ ಮಾತಿನಿಂದ ‘ಟಿಕೆಟ್’ ಅನ್ನೇ ಕಿತ್ತುಹಾಕಿ, ಬರೀ ‘ಇಲ್ಲದೆ’ಯನ್ನು ಉಳಿಸಿಕೊಂಡ ಜಾಣತನ ದಕ್ಷಿಣದವರದು; ‘ವಿತೌಟ್‌ನಲ್ಲಿ ಬಂದೆ’ ಅಂದರೆ ಯಾವುದು ಇಲ್ಲದೆ ಅಂತ ಯಾರೂ ಕೇಳುವುದಿಲ್ಲ. ಮುಂಬೈ, ಬಿಹಾರದ ಕಡೆ ಮೊದಲಕ್ಷರ ಹಿಡಿದು ‘ಡಬ್ಲ್ಯೂಟಿ’ ಮಾಡಿಕೊಂಡಿದ್ದಾರೆ. ನಮ್ಮ ಪತ್ರಿಕೆಗಳ ‘ಟಿಕೆಟ್‌ರಹಿತ ಪ್ರಯಾಣಿಕರು’ ದಂಡ ವಸೂಲಿಯ ಸುದ್ದಿಗೆ ಸರಿ, ಬಾಯಲ್ಲಿ ಯಾರೂ ಆಡುವುದಿಲ್ಲ.

ರೈಲಿನ ಕಾನೂನು ಈ ವಿಷಯದಲ್ಲಿ ನಮ್ಮ ನಿಘಂಟುಗಳಿಗಿಂತ ಸೂಕ್ಷ್ಮ. 1989ರ ರೈಲ್ವೆ ಕಾಯ್ದೆಯಲ್ಲಿ ಎರಡು ಕಲಮುಗಳು ಅಕ್ಕಪಕ್ಕ ಇವೆ. 138ನೇ ಕಲಮಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಸರಿಯಾದ ಟಿಕೆಟ್ ಇಲ್ಲ, ಅಥವಾ ಟಿಕೆಟ್ ಇರುವ ನಿಲ್ದಾಣ ದಾಟಿ ಬಂದಿದ್ದೀರಿ, ಅಷ್ಟೆ. ಟಿಕೆಟ್ಟಿನ ದುಡ್ಡಿನ ಜೊತೆಗೆ ಹೆಚ್ಚುವರಿ ಶುಲ್ಕ ಕಟ್ಟಿ. ಅದು ಟಿಕೆಟ್ ದರದಷ್ಟು ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. 137ನೇ ಕಲಮು ಹಾಗಲ್ಲ. ಅಲ್ಲಿ ರೈಲ್ವೆಗೆ ಮೋಸ ಮಾಡುವ ಉದ್ದೇಶ ಇರಬೇಕು. ಆಗ ಆರು ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓಡಿ ಬಂದು ಹೊರಟ ರೈಲು ಹತ್ತಿ ತಾನೇ ಟಿಟಿಯನ್ನು ಹುಡುಕಿಕೊಂಡು ಹೋಗುವವನೂ, ಟಿಟಿಯನ್ನು ಕಂಡು ಕಕ್ಕಸಿನ ಚಿಲಕ ಹಾಕಿಕೊಂಡವನೂ ಇಬ್ಬರೂ ‘ವಿತೌಟ್’ಗಳೇ. ಕಾನೂನು ಅವರನ್ನು ಬೇರೆ ಮಾಡುತ್ತದೆ, ಪದ ಬೇರೆ ಮಾಡುವುದಿಲ್ಲ. ಮೊದಲೇ ರೈಲ್ವೆ ಸಿಬ್ಬಂದಿಗೆ ಹೇಳಿ, ‘ಆಮೇಲೆ ಕಟ್ಟುತ್ತೇನೆ’ ಅಂತ ಒಪ್ಪಿಗೆ ಪಡೆದು ಹತ್ತಲು 55ನೇ ಕಲಮಿನಲ್ಲಿ ಅವಕಾಶವೂ ಇದೆ. ಒಪ್ಪಿಗೆ ಅನ್ನುವುದನ್ನು ನೆನಪಿಡಿ, ಹಡಗಿನಲ್ಲಿ ಬೇಕಾಗುತ್ತದೆ.

ಜರ್ಮನಿಯಲ್ಲಿ ಇದೇ ಗೆರೆಯ ಮೇಲೆ ದೊಡ್ಡ ಜಗ್ಗಾಟ ನಡೆದಿದೆ. ಅಲ್ಲಿ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಜನ ಹೇಳುವ ಮಾತು ‘ಶ್ವಾರ್ಟ್ಸ್‌ಫಾರೆನ್’, ಅಂದರೆ ಕಪ್ಪು ಪ್ರಯಾಣ, ನಮ್ಮ ಕಾಳಸಂತೆಯ ಕಪ್ಪಿನ ಹಾಗೆ. ಆದರೆ ದಂಡಸಂಹಿತೆಯ 265ಎ ಕಲಮು ಬಳಸುವ ಮಾತು ‘ಸೇವೆಯನ್ನು ನುಸುಳಿ ಪಡೆಯುವುದು’. ಶಿಕ್ಷೆ ಒಂದು ವರ್ಷದವರೆಗೆ ಜೈಲಾಗಬಹುದು. ಅಲ್ಲಿನ ಎಷ್ಟೋ ಊರುಗಳಲ್ಲಿ ನಿಲ್ದಾಣಕ್ಕೆ ಗೇಟೇ ಇಲ್ಲ. ಹಾಗಿರುವಾಗ ಎಲ್ಲರಂತೆ ಹತ್ತಿ ಎಲ್ಲರಂತೆ ಕೂತವನು ‘ನುಸುಳಿದ’ ಅನ್ನುವುದು ಹೇಗೆ ಅಂತ ವಕೀಲರು ವಾದಿಸಿದರು. 2009ರಲ್ಲಿ ಅಲ್ಲಿನ ಸರ್ವೋಚ್ಚ ಪೀಠ, ಟಿಕೆಟ್ ಇರುವವನ ಹಾಗೆ ತೋರಿಸಿಕೊಂಡರೂ ಸಾಕು, ಅದೂ ನುಸುಳುವುದೇ ಅಂದುಬಿಟ್ಟಿತು. ತೀರ್ಪನ್ನು ಒಪ್ಪದ ಕಾನೂನು ಪಂಡಿತರು ಇಂದಿಗೂ ಇದ್ದಾರೆ. ನನ್ನ ಓಟೂ ಅವರಿಗೇ. ನುಸುಳಬೇಕಾದರೆ ಒಂದು ಸಂದಿ ಬೇಕು, ಸಂದಿಗೆ ಎರಡು ಬದಿಯ ಗೋಡೆ ಬೇಕು.

ಬೇರೆ ಭಾಷೆಗಳ ಮಾತು ಬಂದದ್ದರಿಂದ ಸ್ವಲ್ಪ ಅಡ್ಡಾಡಿ ಬರುತ್ತೇನೆ, ನಿಮ್ಮ ಅನುವಾದಕ್ಕೂ ಉಪಯೋಗವಾದೀತು. ರಷ್ಯನ್ನರಿಗೂ ಫಿನ್ಲೆಂಡಿನವರಿಗೂ ಟಿಕೆಟ್ ಇಲ್ಲದವನು ‘ಮೊಲ’. ಕಿವಿ ನಿಮಿರಿಸಿ, ಯಾವ ಕ್ಷಣದಲ್ಲಾದರೂ ಓಡಲು ಸಿದ್ಧನಾಗಿ ಕೂತವನು. ಇಟಲಿಯಲ್ಲಿ ಅವನು ‘ಪೋರ್ಚುಗೀಸ’. ಇದರ ಹಿಂದಿನ ಕಥೆಯಲ್ಲಿ ಪೋರ್ಚುಗೀಸರ ತಪ್ಪೇನೂ ಇಲ್ಲ. ಹದಿನೆಂಟನೇ ಶತಮಾನದ ರೋಮಿನಲ್ಲಿ ಪೋರ್ಚುಗಲ್ಲಿನ ರಾಯಭಾರಿ ಒಂದು ನಾಟಕ ಆಡಿಸಿ, ತನ್ನ ದೇಶದವರಿಗೆ ಪುಕ್ಕಟೆ ಪ್ರವೇಶ ಅಂದನಂತೆ; ರೋಮಿನ ಜನವೆಲ್ಲ ಬಾಗಿಲಲ್ಲಿ ‘ನಾನು ಪೋರ್ಚುಗೀಸ’ ಅಂದುಕೊಂಡು ಒಳಗೆ ಹೋದರಂತೆ. ಮೋಸ ಮಾಡಿದವರು ರೋಮನ್ನರು, ಹೆಸರು ಕೆಟ್ಟದ್ದು ಪೋರ್ಚುಗೀಸರದು.

ನನಗೆ ತುಂಬ ಇಷ್ಟವಾದದ್ದು ಜಪಾನಿನ ‘ಕಿಸೆರು’. ಕಿಸೆರು ಅಂದರೆ ಅವರ ಹಳೆಯ ಹೊಗೆಕೊಳವೆ. ತಂಬಾಕು ತುಂಬುವ ತುದಿಯೂ ಬಾಯಿಗಿಡುವ ತುದಿಯೂ ಲೋಹದವು, ನಡುವೆ ಬರೀ ಬಿದಿರು. ಹತ್ತುವ ನಿಲ್ದಾಣದಿಂದ ಪಕ್ಕದ ನಿಲ್ದಾಣಕ್ಕೊಂದು ಚಿಕ್ಕ ಟಿಕೆಟ್, ಇಳಿಯುವ ನಿಲ್ದಾಣದ ಹತ್ತಿರದ್ದೊಂದು ಚಿಕ್ಕ ಟಿಕೆಟ್ ಅಥವಾ ಪಾಸು, ನಡುವಿನ ಉದ್ದದ ದಾರಿಗೆ ಏನೂ ಇಲ್ಲ: ಎರಡು ತುದಿಗೆ ಮಾತ್ರ ಲೋಹ, ಅಂದರೆ ಕಾಸು. ಒಂದಿಡೀ ವಂಚನೆಯ ವಿಧಾನವನ್ನು ಒಂದು ವಸ್ತುವಿನ ಆಕಾರದಲ್ಲಿ ಹೇಳಿಬಿಟ್ಟಿದ್ದಾರೆ. ಜಪಾನಿಗರು ಅಲ್ಲಿಗೂ ನಿಲ್ಲಲಿಲ್ಲ. ‘ಸತ್ಸುಮಾದ ಒಡೆಯ’ ಅಂತ ಇನ್ನೊಂದು ಮಾತಿದೆ. ಆ ಬಿರುದಿದ್ದ ಹಳೆಯ ಕಾಲದ ವೀರನ ಹೆಸರು ತಾದಾನೋರಿ. ‘ತಾದಾ’ ಅಂದರೆ ಪುಕ್ಕಟೆ, ‘ನೋರಿ’ ಅಂದರೆ ಹತ್ತುವುದು. ನಮ್ಮಲ್ಲಿ ಹತ್ತಿರದ ಸ್ಟೇಜಿಗೆ ಟಿಕೆಟ್ ತಗೊಂಡು ನಿದ್ದೆ ನಟಿಸುತ್ತಾ ಮುಂದಿನ ಸ್ಟೇಜಿಗೆ ಹೋಗುವವರು ಬೇಕಾದಷ್ಟು, ಅವರಿಗೊಂದು ಹೆಸರು ಮಾತ್ರ ಹುಟ್ಟಿಲ್ಲ. ‘ಹಾಫ್ ಟಿಕೆಟ್’ ಹುಟ್ಟಿದೆ. ಮಗುವನ್ನು ತೊಡೆಯ ಮೇಲೆ ಮುದುರಿ ಕೂರಿಸಿಕೊಂಡು ‘ಇನ್ನೂ ಹನ್ನೆರಡು ತುಂಬಿಲ್ಲ ಸಾರ್’ ಅನ್ನುವ ತಾಯಂದಿರ ಕೃಪೆಯಿಂದ ಅದು ಕುಳ್ಳಗಿದ್ದವರೆಲ್ಲರಿಗೂ ಅಡ್ಡಹೆಸರಾಯಿತು.

ನಮ್ಮ ಫುಟ್‌ಬೋರ್ಡಿಗೂ ಜರ್ಮನ್ನರು ಒಂದು ಗೌರವ ಕೊಟ್ಟಿದ್ದಾರೆ. ಎಲ್ಲರೂ ಸೇರಿ ಕಟ್ಟಿದ್ದನ್ನು ತಾನೇನೂ ಕೊಡದೆ ಅನುಭವಿಸುವವನಿಗೆ ಅರ್ಥಶಾಸ್ತ್ರದಲ್ಲಿ ಬಿಟ್ಟಿ ಸವಾರ ಅನ್ನುವ ಅರ್ಥದ ಹೆಸರಿದೆಯಲ್ಲ, ಅದಕ್ಕೆ ಜರ್ಮನ್ ಪದ ‘ಟ್ರಿಟ್‌ಬ್ರೆಟ್‌ಫಾರರ್’. ಅಕ್ಷರಶಃ ಫುಟ್‌ಬೋರ್ಡಿನ ಮೇಲೆ ಹೋಗುವವನು. ಫ್ರೆಂಚರು ಅದೇ ಅರ್ಥಕ್ಕೆ ಹಡಗಿನಲ್ಲಿ ಅಡಗಿದವನ ಪದವನ್ನೇ, ‘ಗುಪ್ತ ಪ್ರಯಾಣಿಕ’ ಅನ್ನುವುದನ್ನು, ಎತ್ತಿಕೊಂಡಿದ್ದಾರೆ.

ಇನ್ನು ಹಡಗು. ಇಂಗ್ಲಿಷಿನ ‘ಸ್ಟೋ’ ಅಂದರೆ ಸರಕನ್ನು ಹಡಗಿನ ತಳದಲ್ಲಿ ಒತ್ತೊತ್ತಾಗಿ ಜೋಡಿಸಿಡುವುದು. ಅಲ್ಲಿ ಮನುಷ್ಯ ಸರಕಾಗಿ ತನ್ನನ್ನೇ ಜೋಡಿಸಿಕೊಂಡಿದ್ದಾನೆ. ಜರ್ಮನ್ನರಿಗೆ ಅವನು ‘ಕುರುಡು ಪ್ರಯಾಣಿಕ’, ಕಾಣದವನು ಅಲ್ಲ, ಕಾಣಿಸದವನು. ಅಂತರರಾಷ್ಟ್ರೀಯ ನೌಕಾ ಸಂಸ್ಥೆಯ ಆಶ್ರಯದಲ್ಲಿ 1965ರಲ್ಲಿ ಆದ ಒಪ್ಪಂದದ ನಿಯಮಗಳಲ್ಲಿ ಇವನಿಗೆ ಒಂದು ವ್ಯಾಖ್ಯೆ ಇದೆ. ಹಡಗಿನಲ್ಲಿ ಅಥವಾ ಹಡಗಿಗೆ ಹೇರಲಿರುವ ಸರಕಿನಲ್ಲಿ ಅಡಗಿರಬೇಕು. ಮಾಲೀಕನ, ಕ್ಯಾಪ್ಟನ್‌ನ ಅಥವಾ ಹೊಣೆಗಾರರಾದ ಯಾರ ಒಪ್ಪಿಗೆಯೂ ಇರಬಾರದು. ಹಡಗು ಬಂದರು ಬಿಟ್ಟ ಮೇಲೆ, ಇಲ್ಲವೇ ತಲುಪಿದ ಬಂದರಿನಲ್ಲಿ ಸರಕು ಇಳಿಸುವಾಗ, ಸಿಕ್ಕಿಬೀಳಬೇಕು. ಕ್ಯಾಪ್ಟನ್ ಅದನ್ನು ಅಧಿಕಾರಿಗಳಿಗೆ ವರದಿ ಮಾಡಬೇಕು. ಈ ವ್ಯಾಖ್ಯೆಯನ್ನು ಇನ್ನೊಮ್ಮೆ ಓದಿ ನೋಡಿ, ದುಡ್ಡಿನ ಸುದ್ದಿ ಎಲ್ಲೂ ಇಲ್ಲ. ಬಸ್ಸಿನವನ ಇಡೀ ಅಪರಾಧ ದುಡ್ಡಿನದು. ಇವನದು ಅಡಗಿದ್ದು ಮತ್ತು ಒಪ್ಪಿಗೆ ಇಲ್ಲದ್ದು. ಲಾರಿ ಡ್ರೈವರಿಗೆ ನೂರು ರೂಪಾಯಿ ಕೊಟ್ಟು ಈರುಳ್ಳಿ ಮೂಟೆಯ ಮೇಲೆ ಕೂತು ಯಶವಂತಪುರಕ್ಕೆ ಬಂದವನೂ, ಬೈಕಿನವರನ್ನು ‘ಸಾರ್, ಸರ್ಕಲ್‌ವರೆಗೆ ಡ್ರಾಪ್ ಕೊಡ್ತೀರಾ’ ಅಂತ ಕೇಳಿ ಹತ್ತಿದವನೂ ಒಪ್ಪಿಗೆಯ ಈಚೆ ಬದಿಯಲ್ಲಿದ್ದಾರೆ. ಅದೇ ಮೂಟೆಗಳ ನಡುವೆ ಡ್ರೈವರಿಗೆ ಗೊತ್ತಿಲ್ಲದೆ ಟಾರ್ಪಾಲು ಎಳೆದುಕೊಂಡು ಮಲಗಿದವನು ನಿಮ್ಮ ಹುಡುಗನ ಜಾತಿ.

ಹಾಗೆ ಅಡಗುವವರು ಟಿಕೆಟ್ ದುಡ್ಡು ಉಳಿಸಲು ಅಡಗುವುದು ಅಪರೂಪ. 2022ರ ನವೆಂಬರಿನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ತೈಲ ಹಡಗೊಂದು 11 ದಿನಗಳ ಮೇಲೆ ಸ್ಪೇನಿನ ಕ್ಯಾನರಿ ದ್ವೀಪಗಳನ್ನು ಮುಟ್ಟಿದಾಗ, ಹಿಂಬದಿಯ ಚುಕ್ಕಾಣಿಯ ಹಲಗೆಯ ಮೇಲೆ ಮೂವರು ಕೂತಿದ್ದರು, ಕಾಲ ಕೆಳಗೇ ನೀರು. 1996ರ ಅಕ್ಟೋಬರಿನಲ್ಲಿ ಪಂಜಾಬಿನ ಇಬ್ಬರು ಅಣ್ಣತಮ್ಮಂದಿರು ದೆಹಲಿಯಲ್ಲಿ ಲಂಡನ್ ವಿಮಾನದ ಚಕ್ರದ ಗೂಡಿನಲ್ಲಿ ಸೇರಿಕೊಂಡರು. ಅಷ್ಟು ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದು, ಚಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಇಳಿಯುತ್ತದೆ. ಅಣ್ಣ ಬದುಕಿದ, ತಮ್ಮ ಉಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕಾಬೂಲಿನಿಂದ ದೆಹಲಿಗೆ ಬಂದಿಳಿದ ವಿಮಾನದಿಂದ ಹೊರಬಂದ 13 ವರ್ಷದ ಹುಡುಗ ಹಾಗೇ ಚಕ್ರದ ಗೂಡಿನಲ್ಲಿ ಬಂದವನು, ಬದುಕಿಯೇ ಬಂದ. ಇಂಥವರ ಸುದ್ದಿಗೆ ‘ಬಿಟ್ಟಿ ಪ್ರಯಾಣ’ ಅಂತ ತಲೆಬರಹ ಕೊಡುವವನಿಗೆ ಎರಡೇಟು ಹಾಕಬೇಕು. ‘ಕಳ್ಳ ಪ್ರಯಾಣಿಕ’ವೂ ನನಗೆ ಒಗ್ಗುವುದಿಲ್ಲ.

ಇಲ್ಲಿ ‘ಕಳ್ಳ’ನ ಪರವಾಗಿ ಒಂದು ಮಾತು. ಕನ್ನಡದಲ್ಲಿ ಈ ಪದ ಮುಂದೆ ಬಂದು ಕೂತಾಗ ಯಾವಾಗಲೂ ಅಪರಾಧ ಹೊರಿಸುವುದಿಲ್ಲ. ಕಳ್ಳಹೆಜ್ಜೆ, ಕಳ್ಳನಗೆ, ಕಳ್ಳನಿದ್ದೆ, ಕೋಟೆಯ ಕಳ್ಳಗಂಡಿ, ಇಲ್ಲೆಲ್ಲ ಯಾರ ಗಂಟೂ ಹೋಗಿಲ್ಲ, ಕಣ್ಣು ತಪ್ಪಿಸಿದ್ದಷ್ಟೇ. ಕಳ್ಳನೋಟದಲ್ಲಿ ಪ್ರೀತಿಯಿದೆ, ಒಂದು ಕೊಂಬು ಸೇರಿಸಿ ಕಳ್ಳನೋಟು ಮಾಡಿದರೆ ಪೊಲೀಸರು ಬರುತ್ತಾರೆ. ಆದರೆ ಇವೆಲ್ಲ ವಸ್ತು ಮತ್ತು ಕೆಲಸಗಳ ಮುಂದೆ. ಮನುಷ್ಯನ ಮುಂದೆ ಕೂತ ಕೂಡಲೇ ‘ಕಳ್ಳ’ ಗಡಸಾಗುತ್ತದೆ: ಕಳ್ಳಸ್ವಾಮಿ, ಕಳ್ಳವ್ಯಾಪಾರಿ. ‘ಕಳ್ಳ ಪ್ರಯಾಣಿಕ’ ಈ ಸಾಲಿಗೆ ಸೇರುತ್ತಾನೆ. ಓದುವ ಮಗು ಹುಡುಗನನ್ನು ಮೊದಲ ಪುಟದಲ್ಲೇ ಕಟಕಟೆಗೆ ಹತ್ತಿಸಿರುತ್ತದೆ.

ಕ್ರಿಯಾಪದಕ್ಕೆ ಹೋಗಿ, ಭಾರ ಇಳಿಯುತ್ತದೆ. ‘ಕದ್ದು’ ಅನ್ನುವುದು ಕನ್ನಡದಲ್ಲಿ ಮೃದು: ಕದ್ದು ಕೇಳಿಸಿಕೊಂಡಳು, ಕದ್ದು ನೋಡಿದ, ಕದ್ದುಮುಚ್ಚಿ ತಿಂದರು. ‘ಹಡಗನ್ನು ಕದ್ದು ಹತ್ತಿದ’ ಅಂದರೆ ಮಕ್ಕಳಿಗೆ ತಕ್ಷಣ ಖುಷಿ, ಏನೋ ನಡೆಯಲಿದೆ ಅನ್ನುವ ಕುತೂಹಲ. (‘ಹಡಗನ್ನು ಕದ್ದ’ ಆಗದಂತೆ ‘ಹತ್ತಿದ’ ಅನ್ನುವುದನ್ನು ದೂರ ಇಡಬೇಡಿ.) ಅದಕ್ಕಿಂತ ಒಳ್ಳೆಯದು ‘ಅಡಗು’. ಹಳೆಗನ್ನಡದ ‘ಅಡಂಗು’ವಿನಿಂದ ಬಂದದ್ದು. ಇದಕ್ಕೊಂದು ಜೋಡಿ ಇದೆ, ‘ಅಡಕು’, ಒತ್ತಿ ಜೋಡಿಸಿಡುವುದು. ಅಡಕಲು ಗಡಿಗೆ ಅನ್ನುತ್ತೇವಲ್ಲ, ಒಂದರ ಮೇಲೊಂದು ಪೇರಿಸಿಟ್ಟದ್ದು, ಅದೇ. ಸರಕನ್ನು ಅಡಕುತ್ತಾರೆ, ಹುಡುಗ ಅದರ ನಡುವೆ ಅಡಗುತ್ತಾನೆ. ಇಂಗ್ಲಿಷ್ ಪದದೊಳಗಿನ ಚಿತ್ರ ಇಷ್ಟು ಹತ್ತಿರವಾಗಿ ಕನ್ನಡದಲ್ಲಿ ಸಿಕ್ಕುವುದು ಅಪರೂಪ. ‘ಮೂಟೆಗಳನ್ನು ಅಡಕಿದ್ದ ಕೋಣೆಯಲ್ಲಿ ಅವನೂ ಅಡಗಿಕೊಂಡ’ ಅಂತ ಒಂದು ವಾಕ್ಯ ಬರೆದುಬಿಟ್ಟರೆ ಪದಕ್ಕಾಗಿ ಪರದಾಡುವ ಅಗತ್ಯವೇ ಇರುವುದಿಲ್ಲ. ‘ಅವಿತುಕೊಂಡ’, ‘ಬಚ್ಚಿಟ್ಟುಕೊಂಡ’ ಕೂಡ ಇಟ್ಟುಕೊಳ್ಳಿ, ಒಂದೇ ಪದ ಹಿಡಿದು ಇಡೀ ಪುಸ್ತಕ ಎಳೆಯಬೇಡಿ. ‘ಅಡಗುಪಯಣಿಗ’ದಂಥ ಹೊಸ ಕಟ್ಟುಪದ ಮಾಡುವ ಆಸೆ ಬಂದೀತು, ಬೇಡ. ಆ ಪದವನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳುವ ತಂದೆ ಎಲ್ಲಿ ತಡವರಿಸುತ್ತಾನೆ ಅಂತ ನನಗೆ ಈಗಲೇ ಕೇಳಿಸುತ್ತಿದೆ.

‘ನುಸುಳುಕೋರ’ ಅಂತೂ ಖಂಡಿತ ಬೇಡ. ಅದು ಗಡಿಯ ಮಾತು, ಬಂದೂಕಿನ ವಾಸನೆ ಇದೆ.

ಕ್ಯಾಪ್ಟನ್ ಏನಂತ ಕೂಗಬೇಕು ಅನ್ನುವುದಕ್ಕೆ ಒಂದು ಹಳೆಯ ಪ್ರಸಂಗ ನೆರವಾಗುತ್ತದೆ. 1914ರಲ್ಲಿ ಧ್ರುವಯಾತ್ರೆಯ ಸಾಹಸಿ ಶ್ಯಾಕಲ್ಟನ್‌ನ ‘ಎಂಡ್ಯೂರೆನ್ಸ್’ ಹಡಗು ಅಂಟಾರ್ಕ್ಟಿಕಾಕ್ಕೆ ಹೊರಟಾಗ, ಬ್ಯೂನಸ್ ಐರಿಸ್‌ನಲ್ಲಿ ಕೆಲಸ ಸಿಗದ ವೇಲ್ಸಿನ ತರುಣ ಪರ್ಸ್ ಬ್ಲ್ಯಾಕ್‌ಬರೋ ಒಂದು ಕಪಾಟಿನಲ್ಲಿ ಅಡಗಿ ಕೂತ. ಹಡಗು ಸಾಕಷ್ಟು ದೂರ ಹೋದ ಮೇಲೆ ಸಿಕ್ಕಿಬಿದ್ದ. ಶ್ಯಾಕಲ್ಟನ್ ಬಾಯಿಗೆ ಬಂದಂತೆ ಬೈದು, ‘ಊಟ ಮುಗಿದು ಮನುಷ್ಯರನ್ನೇ ತಿನ್ನುವ ಕಾಲ ಬಂದರೆ ಮೊದಲು ನಿನ್ನನ್ನೇ’ ಅನ್ನುವ ಅರ್ಥದಲ್ಲಿ ಗದರಿದನೆಂದು ಪ್ರಸಿದ್ಧಿ. ಆಮೇಲೆ ಅವನನ್ನೇ ಹಡಗಿನ ಪರಿಚಾರಕನಾಗಿ ಸೇರಿಸಿಕೊಂಡ. ಹಿಮದಲ್ಲಿ ಬೆರಳು ಕೊಳೆತು ಎಲಿಫೆಂಟ್ ದ್ವೀಪದಲ್ಲಿ ಅವನ ಎಡಗಾಲಿನ ಬೆರಳುಗಳನ್ನು ಕತ್ತರಿಸಬೇಕಾಯಿತು. ಊರಿಗೆ ಮರಳಿದ ಮೇಲೆ ಹೆಚ್ಚಿನ ನಾವಿಕರ ಹಾಗೆ ಅವನಿಗೂ ಧ್ರುವ ಪದಕ ಸಿಕ್ಕಿತು. ಶ್ಯಾಕಲ್ಟನ್ ಒಪ್ಪಿದ ಕ್ಷಣದಿಂದ ಅವನು ಅಡಗಿ ಬಂದವನಲ್ಲ, ಹಡಗಿನವನು.

ಆದ್ದರಿಂದ ನಿಮ್ಮ ಕ್ಯಾಪ್ಟನ್ ಪದಕೋಶ ತೆರೆಯಬಾರದು. ಮುಸುಕು ಸರಿಸಿದ ನಾವಿಕ ಕೂಗಲಿ: ‘ಕ್ಯಾಪ್ಟನ್, ಇಲ್ಲೊಬ್ಬ ಅಡಗಿ ಕೂತಿದ್ದಾನೆ!’ ಕ್ಯಾಪ್ಟನ್ ಬಂದು, ‘ಯಾರೋ ನೀನು? ಯಾರನ್ನ ಕೇಳಿ ಹತ್ತಿದೆ?’ ಅನ್ನಲಿ. ಕನ್ನಡದಲ್ಲಿ ದೊಡ್ಡವರು ಗದರುವುದೇ ಹಾಗೆ. ಒಪ್ಪಿಗೆ ಇಲ್ಲದ್ದು ಆ ‘ಯಾರನ್ನ ಕೇಳಿ’ಯಲ್ಲಿ ಪೂರ್ತಿ ಬಂದುಬಿಡುತ್ತದೆ. ಕಥೆ ನಮ್ಮ ಕರಾವಳಿಯದಾಗಿದ್ದರೆ ಕ್ಯಾಪ್ಟನ್ ಬದಲು ತಂಡೇಲ, ನಾವಿಕನ ಬದಲು ಕಲಾಸಿ ಅಂತ ಹಾಕಲು ಹೇಳುತ್ತಿದ್ದೆ. ಇಂಗ್ಲಿಷ್ ಹಡಗಿಗೆ ಆ ವೇಷ ಬೇಡ.

ದಿನಚರಿ ಪುಸ್ತಕಕ್ಕೆ ಮಾತ್ರ ಕಚೇರಿಯ ಕನ್ನಡ ಇರಲಿ, ಮಕ್ಕಳಿಗೂ ಆ ಬಿಗುಮಾನ ನಗು ತರಿಸುತ್ತದೆ: ‘ಅನುಮತಿಯಿಲ್ಲದೆ ಹಡಗಿನಲ್ಲಿ ಅಡಗಿ ಬಂದ ಬಾಲಕ ಒಬ್ಬ, ಬಂದರು ಬಿಟ್ಟ ಮೂರನೇ ದಿನ ಪತ್ತೆ.’ ದಿನದ ಲೆಕ್ಕವನ್ನು ನಿಮ್ಮ ಮೂಲಕ್ಕೆ ಹೊಂದಿಸಿಕೊಳ್ಳಿ. ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಅಧ್ಯಾಯ ಮುಂದೆ ಬರುವುದಾದರೆ, ಅಲ್ಲಿಂದಾಚೆಗೆ ‘ಅಡಗಿ ಬಂದ’ ಅನ್ನುವುದನ್ನು ಬಿಟ್ಟು ಹೆಸರು ಹಿಡಿದೇ ಕರೆಯಿರಿ.